ಸಾಮೂಹಿಕ ಕ್ರಾಸ್ ಸ್ಟಿಚ್ ಕೂಟ ಅರ್ಧಕ್ಕೆ ನಿಲ್ಲದಂತೆ ನಡೆಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕ್ರಾಸ್ ಸ್ಟಿಚ್ ಎಂದರೆ ಚೌಕಗಳ ನಕ್ಷೆ ನೋಡಿ, ಬಟ್ಟೆಯ ಒಂದೊಂದು ಚೌಕಕ್ಕೆ ಎರಡು ಓರೆ ಹೊಲಿಗೆಗಳಿಂದ X ಆಕಾರ ಹಾಕುತ್ತಾ ಚಿತ್ರ ಮೂಡಿಸುವ ಕಸೂತಿ. ಗುಂಪಾಗಿ ಇದನ್ನು ಹೊಲಿಯುವ ಕೂಟಗಳು ಆರಂಭದ ದಿನ ತುಂಬಿ ತುಳುಕುತ್ತವೆ. ಮೊದಲ ತಿಂಗಳು ಕಳೆಯುವ ಹೊತ್ತಿಗೆ ಅನೇಕರು ಸದ್ದಿಲ್ಲದೆ ಹಿಂದೆ ಸರಿದಿರುತ್ತಾರೆ. ಆಗ ಸಂಚಾಲಕರು ಸದಸ್ಯರಿಗೆ ಶ್ರದ್ಧೆಯಿಲ್ಲ ಎಂದುಕೊಳ್ಳುತ್ತಾರೆ, ಸದಸ್ಯರು ಇದು ತಮ್ಮ ಕೈಲಾಗುವ ಕೆಲಸವಲ್ಲ ಎಂದುಕೊಳ್ಳುತ್ತಾರೆ. ನಿಜವಾದ ಕಾರಣ ಬಹುಪಾಲು ಬೇರೆಯೇ ಆಗಿರುತ್ತದೆ: ಯಾರು ವಾರಕ್ಕೆ ಎಷ್ಟು ಹೊಲಿಯಬಲ್ಲರು ಎಂಬುದನ್ನು ಅಳೆಯದೆಯೇ ಚಿತ್ರವನ್ನು ಆರಿಸಲಾಗಿರುತ್ತದೆ, ಎಲ್ಲರಿಗೂ ಒಂದೇ ಪಾಲನ್ನು ಹಂಚಲಾಗಿರುತ್ತದೆ, ಹಿಂದೆ ಬಿದ್ದವರು ಮರಳಿ ಬರಲು ದಾರಿಯನ್ನೇ ಇಟ್ಟಿರುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮವೇ ಮುಖ್ಯ. ಮೊದಲು ವೇಗ, ಅನಂತರ ಲೆಕ್ಕ, ಅದರ ಮೇಲೆ ಚಿತ್ರ, ಕೊನೆಗೆ ದಿನಾಂಕ. ಇದನ್ನು ತಿರುಗುಮುರುಗು ಮಾಡಿ, ಚಿತ್ರದ ಅಂದಕ್ಕೆ ಮರುಳಾಗಿ ಮೊದಲು ಅದನ್ನೇ ಆರಿಸಿಕೊಂಡ ಕೂಟಗಳು ಎಷ್ಟು ಚೆನ್ನಾಗಿ ನಡೆಸಿದರೂ ತಿಣುಕಾಡುತ್ತವೆ.

## ಆರಂಭಕ್ಕೆ ಮೊದಲು ಕೈಯಲ್ಲಿರಬೇಕಾದವು

ಸಂಚಾಲಕರ ಬಳಿ ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್, ಒಂದು ಕ್ಯಾಲೆಂಡರ್, ಸದಸ್ಯರೆಲ್ಲರಿಗೂ ತಲುಪುವ ಒಂದು ಸಂದೇಶ ಗುಂಪು ಇದ್ದರೆ ಸಾಕು. ಸದಸ್ಯರ ಬಳಿ ಬಟ್ಟೆ, ದಾರ, ಮೊಂಡು ತುದಿಯ ಸೂಜಿ, ಕಸೂತಿ ರಿಂಗ್, ಚಿಕ್ಕ ಕತ್ತರಿ, ನಕ್ಷೆಯ ಪ್ರತಿ ಮತ್ತು ಬಣ್ಣ ತುಂಬುವ ಪೆನ್ನು ಇರಬೇಕು. ಕೂಟ ಎಂಟು ಹತ್ತು ಜನರಿಗಿಂತ ದೊಡ್ಡದಾಗಿದ್ದರೆ ಸಹಾಯಕ್ಕೆ ಇನ್ನೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಒಬ್ಬರೇ ಹೊಲಿಯುತ್ತಾ, ಅನುಮಾನ ಪರಿಹರಿಸುತ್ತಾ, ಲೆಕ್ಕ ಇಡುತ್ತಾ ಹೋದರೆ ಮೊದಲು ದಣಿಯುವವರು ಸಂಚಾಲಕರೇ.

## ಹಂತ 1: ಯಾವ ಬಗೆಯ ಕೂಟ ಎಂಬುದನ್ನು ನಿರ್ಧರಿಸಿ

ಸಾಮೂಹಿಕ ಹೊಲಿಗೆಯಲ್ಲಿ ಹಲವು ಬಗೆಗಳಿವೆ, ಪ್ರತಿಯೊಂದೂ ಬೇರೆ ಬೇರೆ ತೊಂದರೆಗೆ ಮದ್ದು. ಎಲ್ಲರೂ ಒಂದೇ ನಕ್ಷೆಯನ್ನು ಒಟ್ಟಿಗೆ ಹೊಲಿಯುವುದು ಸ್ಟಿಚ್ ಅಲಾಂಗ್ ಎಂದು ಹೆಸರಾಗಿದೆ. ಹೊಸಬರಿಗೆ ಇದು ಅನುಕೂಲ, ಏಕೆಂದರೆ ಒಬ್ಬರಿಗೆ ಬಂದ ಅನುಮಾನ ಎಲ್ಲರದೂ ಆಗಿರುತ್ತದೆ. ನಕ್ಷೆಯನ್ನು ಭಾಗಭಾಗವಾಗಿ ಬಿಡುಗಡೆ ಮಾಡಿ, ಕೊನೆಯವರೆಗೂ ಪೂರ್ಣ ಚಿತ್ರವನ್ನು ಗುಟ್ಟಾಗಿಡುವ ಕೂಟಗಳೂ ಇವೆ. ಅವುಗಳಲ್ಲಿ ಕುತೂಹಲ ಜನರನ್ನು ಹಿಡಿದಿಡುತ್ತದೆ, ಆದರೆ ಎರಡು ಭಾಗ ಹಿಂದೆ ಬಿದ್ದವರಿಗೆ ಅದೇ ಕುತೂಹಲ ಒತ್ತಡವಾಗುತ್ತದೆ.

ಮೂರನೆಯ ಬಗೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯಲ್ಲಿ ಅರೆಬರೆಯಾಗಿ ಉಳಿದ ಹಳೆಯ ಕೆಲಸವನ್ನು ತಂದು ಮುಂದುವರಿಸುತ್ತಾರೆ. ಉತ್ಸಾಹ ಕಳೆದುಕೊಂಡ ಅನುಭವಿಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಹೊಸ ಖರ್ಚಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರದರ ಜೊತೆ ಹೋಲಿಸಲು ಬರುವುದಿಲ್ಲ, ಎಷ್ಟು ಚಿಕ್ಕ ಪ್ರಗತಿಯೂ ಪ್ರಗತಿಯೇ. ನಾಲ್ಕನೆಯದು ಒಂದೇ ವಾರಾಂತ್ಯದ ಕೂಟ: ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕುಳಿತು ಹೊಲಿದು, ಕೊನೆಯಲ್ಲಿ ತಮ್ಮ ಕೆಲಸದ ಫೋಟೊ ಹಂಚಿಕೊಳ್ಳುವುದು. ಮೊದಲ ಬಾರಿ ಕೂಟ ನಡೆಸುವವರು ಇಂಥದ್ದೊಂದರಿಂದ ಕೈ ಪಳಗಿಸಿಕೊಳ್ಳುವುದು ಜಾಣತನ.

ದಿನಕ್ಕೊಂದು ಹೊಸ ಕೆಲಸವನ್ನು ಆರಂಭಿಸುವ ತಿಂಗಳ ಸವಾಲುಗಳೂ ಜನಪ್ರಿಯವಾಗಿವೆ. ಅವು ಮೊದಲ ಹತ್ತು ದಿನ ಹುರುಪು ಕೊಡುತ್ತವೆ ಎಂಬುದು ನಿಜವಾದರೂ, ಮುಗಿಯದ ಕೆಲಸಗಳ ರಾಶಿಯೇ ಸದಸ್ಯರ ಚಿಂತೆಯಾಗಿದ್ದರೆ ಅಂಥ ಸವಾಲು ಆ ರಾಶಿಯನ್ನು ಇನ್ನಷ್ಟು ಎತ್ತರಿಸುತ್ತದೆ. ಆದ್ದರಿಂದ ಬಗೆಯನ್ನು ಗೊತ್ತುಮಾಡುವ ಮೊದಲು ಸದಸ್ಯರಿಗೆ ಒಂದೇ ಪ್ರಶ್ನೆ ಕೇಳಿ: ನಿಮಗೆ ಆರಂಭಿಸುವುದು ಕಷ್ಟವೋ, ಮುಂದುವರಿಸುವುದೋ, ಮುಗಿಸುವುದೋ? ಉತ್ತರ ಮೂರೂ ಕಡೆ ಹಂಚಿಹೋದರೆ ಹಳೆಯ ಕೆಲಸದ ಕೂಟವೇ ಸರಿ.

## ಹಂತ 2: ಪ್ರತಿಯೊಬ್ಬರ ವೇಗವನ್ನು ಅಳೆಯಿರಿ

ಇದೇ ಎಲ್ಲರೂ ಬಿಟ್ಟುಬಿಡುವ ಹಂತ. ಹೊಲಿಗೆಯ ವೇಗದಲ್ಲಿ ಜನರ ನಡುವೆ ಇರುವ ಅಂತರ ಬಹಳ ದೊಡ್ಡದು. ಒಬ್ಬರು ಒಂದು ಗಂಟೆಯಲ್ಲಿ ಹಾಕುವ ಹೊಲಿಗೆಗಳ ಎರಡರಷ್ಟನ್ನು ಪಕ್ಕದವರು ಹಾಕಬಹುದು, ಅದರಿಂದ ಯಾರ ಕೆಲಸವೂ ಕೀಳಾಗುವುದಿಲ್ಲ. ಊಹೆಯ ಮೇಲೆ ಹೇಳಿದ ವೇಗ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚಾಗಿರುತ್ತದೆ, ಏಕೆಂದರೆ ದಾರ ಪೋಣಿಸುವ, ತುದಿ ಭದ್ರಪಡಿಸುವ, ನಕ್ಷೆ ನೋಡುವ, ತಪ್ಪು ಬಿಚ್ಚುವ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಳೆಯುವ ಕ್ರಮ ಹೀಗಿದೆ. ಪ್ರತಿಯೊಬ್ಬರೂ ಮೂರು ಬೇರೆ ಬೇರೆ ದಿನಗಳಲ್ಲಿ ತಲಾ ಅರ್ಧ ಗಂಟೆ ಗಡಿಯಾರ ಇಟ್ಟುಕೊಂಡು ಹೊಲಿಯಬೇಕು, ಮೇಲೆ ಹೇಳಿದ ಎಲ್ಲ ಕೆಲಸವೂ ಆ ಅರ್ಧ ಗಂಟೆಯೊಳಗೇ ಸೇರಬೇಕು. ಪೂರ್ಣಗೊಂಡ ಹೊಲಿಗೆಗಳನ್ನು ಎಣಿಸಿ ಎರಡರಿಂದ ಗುಣಿಸಿದರೆ ಗಂಟೆಯ ವೇಗ ಸಿಗುತ್ತದೆ. ಮೂರು ದಿನಗಳ ಸರಾಸರಿಯನ್ನು ಬರೆದುಕೊಳ್ಳಿ. ಮೂರರಲ್ಲಿ ಒಂದು ದಿನವನ್ನಾದರೂ ಬಣ್ಣಗಳು ಒಂದೆರಡು ಚೌಕಗಳಿಗೊಮ್ಮೆ ಬದಲಾಗುವ ಭಾಗಕ್ಕೆ ಮೀಸಲಿಡಿ. ಒಂದೇ ಬಣ್ಣದ ವಿಶಾಲ ಭಾಗದಲ್ಲಿ ಕೈ ಓಡುತ್ತದೆ, ಚದುರಿದ ಬಣ್ಣಗಳಲ್ಲಿ ಪ್ರತಿ ಬಾರಿ ದಾರ ಆರಂಭಿಸಿ ಮುಗಿಸುವುದರಲ್ಲೇ ಸಮಯ ಕರಗುತ್ತದೆ.

ಇದರ ಜೊತೆಗೆ ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ ಎಂಬುದನ್ನೂ ಕೇಳಿ. ಬಿಡುವಿನ ವಾರವನ್ನು ನೆನೆದು ಉತ್ತರಿಸಬಾರದು, ಕಳೆದ ವಾರವನ್ನು ನೆನೆದು ಉತ್ತರಿಸಬೇಕು ಎಂದು ಸ್ಪಷ್ಟವಾಗಿ ತಿಳಿಸಿ. ಈ ಅಂಕಿಗಳನ್ನು ಎಲ್ಲರೆದುರು ಪಟ್ಟಿಮಾಡಿ ಹಾಕುವುದು ದೊಡ್ಡ ತಪ್ಪು. ಅವು ಸಂಚಾಲಕರ ಹಾಳೆಯಲ್ಲಿ ಮಾತ್ರ ಇರಲಿ.

## ಹಂತ 3: ಲೆಕ್ಕ ಮಾಡಿ, ಆಮೇಲೆ ಚಿತ್ರವನ್ನು ಆರಿಸಿ

ಉದಾಹರಣೆಗೆ 12 ವಾರಗಳ ಕೂಟ ಎಂದಿಟ್ಟುಕೊಳ್ಳೋಣ. ಪ್ರತಿ ನಾಲ್ಕನೆಯ ವಾರವನ್ನು ಖಾಲಿ ಬಿಡಬೇಕು (ಏಕೆಂಬುದು ಮುಂದಿನ ಹಂತದಲ್ಲಿದೆ), ಆದ್ದರಿಂದ ಹೊಲಿಗೆಗೆ ಉಳಿಯುವುದು 9 ವಾರ. ಗಂಟೆಗೆ 80 ಹೊಲಿಗೆ ಹಾಕುವವರು ವಾರಕ್ಕೆ 4 ಗಂಟೆ ಕುಳಿತರೆ ಒಟ್ಟು 2,880 ಹೊಲಿಗೆ ಆಗುತ್ತದೆ. ಇದು 48 ಅಡ್ಡ, 60 ಉದ್ದ ಚೌಕಗಳ ಪೂರ್ತಿ ತುಂಬಿದ ಚಿತ್ರ. ಒಂದು ಇಂಚಿಗೆ 14 ಚೌಕಗಳಿರುವ ಐಡಾ ಬಟ್ಟೆಯ (ಚೌಕಗಳು ಎದ್ದು ಕಾಣುವಂತೆ ನೇಯ್ದ ಕಸೂತಿ ಬಟ್ಟೆ) ಮೇಲೆ ಇದರ ಅಳತೆ ಸುಮಾರು 8.7 ಸೆಂಟಿಮೀಟರ್ ಅಗಲ, 10.9 ಸೆಂಟಿಮೀಟರ್ ಎತ್ತರ, ಅಂದರೆ ಹೆಚ್ಚುಕಡಿಮೆ ಅಂಗೈಯಷ್ಟು. ಮೂರು ತಿಂಗಳ ಶ್ರದ್ಧೆಯ ಕೆಲಸ ಇಷ್ಟೇ ಎಂಬುದನ್ನು ಮೊದಲೇ ಕಣ್ಣಾರೆ ಕಂಡವರು ನಡುವೆ ಎದೆಗುಂದುವುದಿಲ್ಲ.

ಈಗ ಕೂಟಗಳು ಸಾಮಾನ್ಯವಾಗಿ ಆಸೆಪಡುವ ದೊಡ್ಡ ಚಿತ್ರವನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. 140 ಅಡ್ಡ, 140 ಉದ್ದದ ಪೂರ್ತಿ ತುಂಬಿದ ನಕ್ಷೆಯಲ್ಲಿ 19,600 ಹೊಲಿಗೆಗಳಿವೆ. ಅದೇ ವೇಗದಲ್ಲಿ ಅದಕ್ಕೆ 245 ಗಂಟೆ ಬೇಕು, ವಾರಕ್ಕೆ 4 ಗಂಟೆಯಂತೆ 61 ವಾರ ದಾಟುತ್ತದೆ. ಬಿಡುವಿನ ವಾರಗಳನ್ನು ಸೇರಿಸಿದರೆ ಒಂದೂವರೆ ವರ್ಷ ಮೀರುತ್ತದೆ. ಇಂಥ ಚಿತ್ರವನ್ನು ಮೂರು ತಿಂಗಳ ಕೂಟಕ್ಕೆ ಆರಿಸಿದ ದಿನವೇ ಆ ಕೂಟ ಮುಗಿಯದೆಂಬುದು ನಿಶ್ಚಯವಾಗಿರುತ್ತದೆ.

ಒಂದೇ ನಕ್ಷೆಯ ಕೂಟವಾದರೆ ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ಹೊಲಿಯುವವರ ಲೆಕ್ಕಕ್ಕೆ ಚಿತ್ರ ಹೊಂದಬೇಕು. ಅವರ ವೇಗ ಗಂಟೆಗೆ 50 ಎಂದಾದರೆ 9 ವಾರಗಳಲ್ಲಿ 1,800 ಹೊಲಿಗೆ, ವಾರಕ್ಕೆ 200. ಹಾಗಾದರೆ ವೇಗದವರಿಗೆ ಬೇಸರವಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ, ಒಳಗಿನ ಮುಖ್ಯ ಚಿತ್ರ ಪ್ರತ್ಯೇಕವಾಗಿಯೇ ಪೂರ್ಣವೆನಿಸುವಂಥ, ಅಂಚು ಮತ್ತು ಹಿನ್ನೆಲೆಯನ್ನು ಬೇಕಾದವರು ಸೇರಿಸಿಕೊಳ್ಳಬಹುದಾದಂಥ ನಕ್ಷೆಯನ್ನು ಆರಿಸುವುದು. ನಿಧಾನದವರು ಒಳಚಿತ್ರ ಮುಗಿಸಿದಾಗಲೂ ಅದು ಮುಗಿದ ಕೆಲಸವೇ ಆಗಿರುತ್ತದೆ, ವೇಗದವರಿಗೆ ಅಂಚು ಕಾದಿರುತ್ತದೆ. ಹೆಚ್ಚಿನ ವೇಗದವರಿಗೆ ತಕ್ಕಂತೆ ಚಿತ್ರ ಆರಿಸಿ, ಉಳಿದವರು ಹೇಗಾದರೂ ಹಿಂದೆ ಬರುತ್ತಾರೆ ಎಂದು ನಂಬುವುದರಿಂದಲೇ ಕೂಟಗಳು ಒಡೆಯುತ್ತವೆ.

ಪ್ರತಿಯೊಬ್ಬರೂ ಬೇರೆ ಬೇರೆ ಕೆಲಸ ತರುವ ಕೂಟವಾದರೆ ಹೊಲಿಗೆಯ ಸಂಖ್ಯೆಯನ್ನು ಗುರಿಯಾಗಿ ಇಡಬೇಡಿ, ಗಂಟೆಗಳನ್ನು ಗುರಿಯಾಗಿ ಇಡಿ. ವಾರಕ್ಕೆ ನಾಲ್ಕು ಗಂಟೆ ಕುಳಿತರೆ ಗುರಿ ತಲುಪಿದಂತೆ. ಆ ನಾಲ್ಕು ಗಂಟೆಯಲ್ಲಿ ಒಂದು ಗಂಟೆ ತಪ್ಪು ಹೊಲಿಗೆ ಬಿಚ್ಚುವುದರಲ್ಲೇ ಹೋದರೂ ಅದು ಲೆಕ್ಕಕ್ಕೆ ಸೇರುತ್ತದೆ. ಹೊಲಿಗೆ ಎಣಿಸುವ ಕೂಟಗಳಲ್ಲಿ ಜನ ತಪ್ಪನ್ನು ಕಂಡೂ ಬಿಚ್ಚದೆ ಮುಂದೆ ಹೋಗುತ್ತಾರೆ, ಅದರ ಫಲವನ್ನು ಮೂರು ವಾರಗಳ ನಂತರ ಎರಡು ನೂರು ಹೊಲಿಗೆ ಬಿಚ್ಚಿ ಅನುಭವಿಸುತ್ತಾರೆ.

ನಕ್ಷೆಯ ಹಕ್ಕಿನ ವಿಷಯದಲ್ಲಿ ಒಂದು ಮಾತು. ಖರೀದಿಸಿದ ನಕ್ಷೆಯನ್ನು ಒಬ್ಬರು ಕೊಂಡು ಉಳಿದವರಿಗೆ ನಕಲು ಹಂಚುವುದು ಸರಿಯಲ್ಲ. ಪ್ರತಿಯೊಬ್ಬರೂ ತಮ್ಮ ಪ್ರತಿಯನ್ನು ಕೊಳ್ಳಬೇಕು, ಇಲ್ಲವೇ ವಿನ್ಯಾಸಕಾರರೇ ಉಚಿತವಾಗಿ ಕೊಟ್ಟ ನಕ್ಷೆಯನ್ನು ಆರಿಸಬೇಕು. ಪ್ರಗತಿಯ ಚಿತ್ರ ಹಾಕುವಾಗ ಪಕ್ಕದಲ್ಲಿಟ್ಟ ನಕ್ಷೆಯ ಸಂಕೇತಗಳು ಓದಲು ಬರುವಂತೆ ಕಾಣಬಾರದು.

## ಹಂತ 4: ಕ್ಯಾಲೆಂಡರ್ ಬರೆಯಿರಿ, ಖಾಲಿ ವಾರಗಳನ್ನು ಮೊದಲು ಗುರುತಿಸಿ

ಕ್ಯಾಲೆಂಡರಿನಲ್ಲಿ ಮೊದಲು ಬರೆಯಬೇಕಾದದ್ದು ಕೆಲಸದ ವಾರಗಳನ್ನಲ್ಲ, ಖಾಲಿ ವಾರಗಳನ್ನು. ಪ್ರತಿ ನಾಲ್ಕನೆಯ ವಾರ ಹೊಸ ಭಾಗ ಇರುವುದಿಲ್ಲ, ಹೊಸ ಗುರಿ ಇರುವುದಿಲ್ಲ. ಹಿಂದೆ ಬಿದ್ದವರು ಆ ವಾರದಲ್ಲಿ ಸರಿದೂಗಿಸಿಕೊಳ್ಳುತ್ತಾರೆ, ಸಮಯಕ್ಕೆ ಸರಿಯಾಗಿರುವವರು ಅಂಚು ಹೊಲಿಯುತ್ತಾರೆ ಅಥವಾ ವಿಶ್ರಾಂತಿ ಪಡೆಯುತ್ತಾರೆ. ಕೂಟವನ್ನು ಉಳಿಸುವ ಒಂದೇ ಒಂದು ಏರ್ಪಾಡನ್ನು ಹೆಸರಿಸೆಂದರೆ ನಾನು ಇದನ್ನೇ ಹೆಸರಿಸುತ್ತೇನೆ. ಜ್ವರವೋ, ಪರೀಕ್ಷೆಯೋ, ಮನೆಯ ಕಾರ್ಯವೋ ಯಾರನ್ನೂ ಬಿಡುವುದಿಲ್ಲ. ಒಂದು ವಾರ ತಪ್ಪಿದವರು ಮುಂದಿನ ವಾರ ಎರಡು ಪಾಲು ಹೊಲಿಯಬೇಕಾದ ಸ್ಥಿತಿ ಬಂದರೆ, ಹಾಗೆ ಹೊಲಿಯಲಾಗದೆ ಮೂರನೆಯ ವಾರ ಮೂರು ಪಾಲಿನ ಸಾಲಗಾರರಾಗುತ್ತಾರೆ.

ಖಾಲಿ ವಾರಗಳನ್ನು ಕೊನೆಯಲ್ಲಿ ಒಟ್ಟಿಗೆ ಇಡುವ ಸಂಚಾಲಕರೂ ಇದ್ದಾರೆ. ಲೆಕ್ಕ ಸಮವೇ ಆದರೂ ಫಲ ಸಮವಲ್ಲ, ಏಕೆಂದರೆ ಎರಡನೆಯ ವಾರ ಹಿಂದೆ ಬಿದ್ದವರು ಹತ್ತನೆಯ ವಾರದವರೆಗೆ ಆ ಭಾರವನ್ನು ಹೊತ್ತುಕೊಂಡೇ ಇರುವುದಿಲ್ಲ, ನಡುವೆಯೇ ಬಿಟ್ಟು ಹೋಗುತ್ತಾರೆ.

ಕೂಡುವ ದಿನ ಮತ್ತು ಗಂಟೆ ಪ್ರತಿ ವಾರ ಒಂದೇ ಆಗಿರಲಿ. ಎಲ್ಲರ ಅನುಕೂಲ ಕೇಳಿ ವಾರವಾರವೂ ಬದಲಾಯಿಸುತ್ತಾ ಹೋದರೆ ಯಾರಿಗೂ ದಿನ ನೆನಪಿರುವುದಿಲ್ಲ.

## ಹಂತ 5: ಸಾಮಗ್ರಿಯನ್ನು ಒಟ್ಟಿಗೆ ಹೊಂದಿಸಿ

ಬಟ್ಟೆಯ ಅಳತೆಗೆ ಸುಲಭ ಸೂತ್ರವಿದೆ: ನಕ್ಷೆಯ ಚೌಕಗಳ ಸಂಖ್ಯೆಯನ್ನು ಬಟ್ಟೆಯ ಇಂಚಿನ ಚೌಕಗಳಿಂದ ಭಾಗಿಸಿ, ಬಂದದ್ದಕ್ಕೆ ಪ್ರತಿ ಬದಿಗೆ 3 ಇಂಚಿನಂತೆ ಒಟ್ಟು 6 ಇಂಚು ಸೇರಿಸಿ. 140 ಚೌಕದ ನಕ್ಷೆ 14ರ (ಇಂಚಿಗೆ 14 ಚೌಕದ) ಬಟ್ಟೆಯಲ್ಲಿ 10 ಇಂಚು ಆಗುತ್ತದೆ, ಕತ್ತರಿಸಬೇಕಾದದ್ದು 16 ಇಂಚು. ಅದೇ ನಕ್ಷೆ 16ರ ಬಟ್ಟೆಯಲ್ಲಿ 8.75 ಇಂಚಿಗೆ ಇಳಿಯುತ್ತದೆ. ಇಂಚಿಗೆ 28 ಎಳೆಗಳಿರುವ ಸಮನೇಯ್ಗೆಯ (ಅಡ್ಡ, ಉದ್ದ ಎಳೆಗಳು ಸಮಸಂಖ್ಯೆಯಲ್ಲಿರುವ) ಬಟ್ಟೆಯನ್ನು ಎರಡೆರಡು ಎಳೆಗಳ ಮೇಲೆ ಹೊಲಿದರೆ ಅದರ ಅಳತೆ 14ರ ಐಡಾಕ್ಕೆ ಸಮ. ಬದಿಯ ಬಟ್ಟೆಯನ್ನು ಉಳಿಸಲು ಹೋಗಿ 1 ಇಂಚು ಮಾತ್ರ ಬಿಟ್ಟವರು ಕೊನೆಯಲ್ಲಿ ಚೌಕಟ್ಟು ಹಾಕಿಸಲಾಗದೆ ಪರದಾಡುತ್ತಾರೆ.

ಮೊದಲ ಕೂಟಕ್ಕೆ 14ರ ತಿಳಿಬಣ್ಣದ ಐಡಾ ಬಟ್ಟೆ, 24ನೆಯ ಸಂಖ್ಯೆಯ ಮೊಂಡು ಸೂಜಿ, ದಾರದ ಎರಡು ಎಳೆ ಎಂದು ಎಲ್ಲರಿಗೂ ಒಂದೇ ರೀತಿ ಗೊತ್ತುಮಾಡಿದರೆ ಒಳ್ಳೆಯದು. 16 ಅಥವಾ 18ರ ಬಟ್ಟೆಗೆ 26ನೆಯ ಸೂಜಿ ಹೊಂದುತ್ತದೆ. ಕಪ್ಪು ಬಟ್ಟೆಯ ಚಿತ್ರಗಳು ಆಕರ್ಷಕವಾಗಿದ್ದರೂ ಅವುಗಳಲ್ಲಿ ರಂಧ್ರ ಕಾಣುವುದೇ ಕಷ್ಟ, ವೇಗ ಇಳಿಯುತ್ತದೆ. ಅಂಥದ್ದನ್ನೇ ಹೊಲಿಯುವವರು ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ರಂಧ್ರಗಳು ಎದ್ದು ಕಾಣುತ್ತವೆ.

ಆರು ಎಳೆಗಳ ಹತ್ತಿ ದಾರದ ಲಡಿ, ಡಿಎಂಸಿಯಂಥ ತಯಾರಕರದು, ಸಾಮಾನ್ಯವಾಗಿ 8 ಮೀಟರ್ ಉದ್ದವಿರುತ್ತದೆ. ಎರಡೆರಡು ಎಳೆಯಾಗಿ ಬಿಡಿಸಿದರೆ ಅದರಿಂದ 24 ಮೀಟರ್ ಸಿಗುತ್ತದೆ. ಹಿನ್ನೆಲೆಯಂಥ ದೊಡ್ಡ ಭಾಗಕ್ಕೆ ಬೇಕಾದ ಲಡಿಗಳನ್ನೆಲ್ಲ ಒಂದೇ ಸಲ ಕೊಳ್ಳಬೇಕು. ಬೇರೆ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಛಾಯೆ ಸ್ವಲ್ಪ ಬದಲಾಗಬಹುದು, ಆ ವ್ಯತ್ಯಾಸ ಒಂದೇ ಬಣ್ಣದ ವಿಶಾಲ ಭಾಗದ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಸದಸ್ಯರ ಬಳಿ ಹೆಚ್ಚುವರಿ ಉಳಿದ ದಾರಗಳ ಪಟ್ಟಿಯನ್ನು ಗುಂಪಿನಲ್ಲಿ ಇಟ್ಟುಕೊಂಡರೆ, ಕೊನೆಯ ಇಪ್ಪತ್ತು ಹೊಲಿಗೆಗೆ ದಾರ ಸಾಲದೆ ಕೆಲಸ ನಿಂತವರಿಗೆ ತಕ್ಷಣ ಸಹಾಯ ಸಿಗುತ್ತದೆ.

## ಹಂತ 6: ಹೊಲಿಗೆಗೆ ಮೊದಲು ಒಂದು ತಯಾರಿ ವಾರ ಇಡಿ

ಘೋಷಿಸಿದ ಮೊದಲ ದಿನ ಅರ್ಧ ಜನರ ಬಳಿ ಬಟ್ಟೆ ಕತ್ತರಿಸಿರುವುದಿಲ್ಲ, ಕೆಲವರ ದಾರ ಇನ್ನೂ ಬಂದಿರುವುದಿಲ್ಲ. ಅವರು ಆರಂಭದಲ್ಲೇ ಒಂದು ವಾರ ಹಿಂದೆ. ಆದ್ದರಿಂದ ಮೊದಲ ಭೇಟಿಯಲ್ಲಿ ಯಾರೂ ಹೊಲಿಯಬಾರದು. ಅದು ತಯಾರಿಗೆ ಮೀಸಲು, 12 ವಾರಗಳ ಲೆಕ್ಕದ ಹೊರಗೆ. ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿಸಿ:

1. ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಹೊಲಿಗೆ ಯಂತ್ರದಲ್ಲಿ ಅಂಕುಡೊಂಕು ಹೊಲಿಗೆ ಹಾಕಿ, ಇಲ್ಲವೇ ಕೈಯಲ್ಲೇ ಸುತ್ತುಹೊಲಿಗೆ ಹಾಕಿ. ಅಂಟುಪಟ್ಟಿ ಹಚ್ಚಿದರೆ ಅದರ ಅಂಟು ಬಟ್ಟೆಯಲ್ಲಿ ಉಳಿಯುತ್ತದೆ. ಹಚ್ಚಲೇಬೇಕಾದರೆ ಕೊನೆಯಲ್ಲಿ ಆ ಅಂಚನ್ನು ಕತ್ತರಿಸಿ ತೆಗೆಯುವಷ್ಟು ಬಟ್ಟೆ ಬಿಟ್ಟಿರಬೇಕು.

2. ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ ನಡುಬಿಂದುವನ್ನು ಗುರುತಿಸಿ. ನಕ್ಷೆಯ ನಡುವಿನ ಬಾಣಗಳಿಗೆ ಅದನ್ನು ಹೊಂದಿಸಿ.

3. ಬಟ್ಟೆಯ ಮೇಲೆ ಹತ್ತು ಹತ್ತು ಚೌಕಗಳಿಗೊಮ್ಮೆ ಗೆರೆ ಹಾಕಿ. ಇದಕ್ಕೆ ಹಿಡಿಯುವ ಸಮಯವನ್ನು ಜನ ದಂಡವೆಂದು ಭಾವಿಸುತ್ತಾರೆ, ಆದರೆ ಗುಂಪಿನಲ್ಲಿ ಮಾತಾಡುತ್ತಾ ಹೊಲಿಯುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಗೆರೆಗಳನ್ನು ಹಾಕಲು ತೆಳುವಾದ ನೈಲಾನ್ ಮೀನುಗಾಳದ ದಾರ ಉತ್ತಮ, ಏಕೆಂದರೆ ಸೂಜಿ ಅದನ್ನು ಚುಚ್ಚಿಕೊಂಡು ಹೋಗುವುದಿಲ್ಲ, ಕೊನೆಯಲ್ಲಿ ಎಳೆದರೆ ಜಾರಿ ಬರುತ್ತದೆ.

4. ನೀರಿನಲ್ಲಿ ಅಳಿಸುವ ಪೆನ್ನು ಬಳಸುವವರು ಅದನ್ನು ಮೊದಲು ಬಟ್ಟೆಯ ತುದಿಯಲ್ಲಿ ಪರೀಕ್ಷಿಸಲಿ. ಗೆರೆ ತೊಳೆಯುವ ಮೊದಲು ಇಸ್ತ್ರಿ ತಾಗಿದರೆ ಕಲೆ ಶಾಶ್ವತವಾಗಿ ಉಳಿಯಬಹುದು. ಶಾಖಕ್ಕೆ ಅಳಿಸಿಹೋಗುವ ಪೆನ್ನಿನ ಗೆರೆಗಳು ಚಳಿಯಲ್ಲಿ ಮತ್ತೆ ಮೂಡಬಹುದಾದ್ದರಿಂದ ಅವನ್ನು ದೂರವಿಡುವುದೇ ಕ್ಷೇಮ.

5. ದಾರಗಳನ್ನು ವಿಂಗಡಿಸಿ ಪ್ರತಿಯೊಂದಕ್ಕೂ ಬಣ್ಣದ ಸಂಖ್ಯೆ ಬರೆಯಿರಿ. ಸಂಖ್ಯೆ ಕಳೆದುಹೋದ ಎರಡು ಹತ್ತಿರದ ಹಸಿರುಗಳನ್ನು ರಾತ್ರಿಯ ಬೆಳಕಿನಲ್ಲಿ ಬೇರ್ಪಡಿಸುವುದು ಸುಲಭವಲ್ಲ.

6. ಮೇಲಿನ ಓರೆ ಹೊಲಿಗೆ ಯಾವ ದಿಕ್ಕಿಗೆ ಬಾಗಬೇಕು ಎಂಬುದನ್ನು ಪ್ರತಿಯೊಬ್ಬರೂ ಬಟ್ಟೆಯ ಮೂಲೆಯಲ್ಲಿ ಒಂದು ಹೊಲಿಗೆ ಹಾಕಿ ಗುರುತಿಟ್ಟುಕೊಳ್ಳಲಿ. ನಡುವೆ ದಿಕ್ಕು ಬದಲಾದರೆ ಆ ಭಾಗ ಬೆಳಕಿನಲ್ಲಿ ಬೇರೆ ಹೊಳಪಿನಿಂದ ಕಾಣುತ್ತದೆ.

ಹೊಸಬರಿಗೆ ಇದೇ ವಾರ ಗಂಟಿಲ್ಲದೆ ದಾರ ಆರಂಭಿಸುವುದನ್ನು ಕಲಿಸಿ: ಉದ್ದನೆಯ ಒಂದೇ ಎಳೆಯನ್ನು ಎರಡಾಗಿ ಮಡಚಿ, ಎರಡೂ ತುದಿಗಳನ್ನು ಸೂಜಿಗೆ ಪೋಣಿಸಿ, ಮೊದಲ ಓರೆ ಹೊಲಿಗೆ ಹಾಕಿ ಸೂಜಿ ಹಿಂಬದಿಗೆ ಬಂದಾಗ ಅಲ್ಲಿರುವ ಕುಣಿಕೆಯೊಳಗೆ ದಾಟಿಸಿದರೆ ದಾರ ಬಿಗಿಯಾಗುತ್ತದೆ. ಹೊಲಿಯುವ ಎಳೆಗಳ ಸಂಖ್ಯೆ ಎರಡು, ನಾಲ್ಕರಂತೆ ಸಮಸಂಖ್ಯೆಯಾಗಿದ್ದಾಗ ಮಾತ್ರ ಇದು ಸಾಧ್ಯ. ಸೂಜಿಯಲ್ಲಿರುವ ದಾರ ಸುಮಾರು 45 ಸೆಂಟಿಮೀಟರ್ ಮೀರದಿರಲಿ, ಉದ್ದವಾದಷ್ಟೂ ಸಿಕ್ಕು ಹೆಚ್ಚು.

## ಹಂತ 7: ವಾರದ ಕೂಟವನ್ನು ಈ ಕ್ರಮದಲ್ಲಿ ನಡೆಸಿ

ಮುಖಾಮುಖಿಯಾಗಲಿ, ವಿಡಿಯೊ ಕರೆಯಲ್ಲಾಗಲಿ, ಎರಡು ಗಂಟೆಯ ಕೂಟಕ್ಕೆ ಒಂದು ಗಟ್ಟಿ ನಿಯಮ ಇರಲಿ: ಎಣಿಕೆಯ ಕೆಲಸ ಮನೆಯಲ್ಲಿ, ತುಂಬುವ ಕೆಲಸ ಕೂಟದಲ್ಲಿ. ಮಾತಾಡುತ್ತಾ ಚೌಕ ಎಣಿಸಿದವರು ಒಂದು ಚೌಕ ತಪ್ಪಿಯೇ ತಪ್ಪುತ್ತಾರೆ, ಆ ಒಂದು ಚೌಕ ಮುಂದಿನ ಎಲ್ಲವನ್ನೂ ಪಕ್ಕಕ್ಕೆ ಸರಿಸುತ್ತದೆ. ಕೂಟದ ಹಿಂದಿನ ದಿನ ಮನೆಯಲ್ಲಿ ಶಾಂತವಾಗಿ ಕುಳಿತು ಹೊರಗೆರೆಯ ಹೊಲಿಗೆಗಳನ್ನು ಎಣಿಸಿ ಹಾಕಿಕೊಂಡು ಬಂದರೆ, ಕೂಟದಲ್ಲಿ ಒಳಭಾಗವನ್ನು ನಿಶ್ಚಿಂತೆಯಿಂದ ತುಂಬಬಹುದು. ಕೂಟದಿಂದ ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಬೇಕಾದವರು ಮತ್ತೆ ಕೂಟಕ್ಕೆ ಬರಲು ಹಿಂಜರಿಯುತ್ತಾರೆ ಎಂಬುದನ್ನು ಸಂಚಾಲಕರು ಮರೆಯಬಾರದು.

ಮೊದಲ ಹತ್ತು ನಿಮಿಷ ದಾರ ಪೋಣಿಸಲು, ಎರಡು ಮೂರು ಸೂಜಿಗಳನ್ನು ಸಿದ್ಧ ಮಾಡಿಕೊಳ್ಳಲು. ಮುಂದಿನ ಐವತ್ತು ನಿಮಿಷ ಹೊಲಿಗೆ. ಅನಂತರ ಹತ್ತು ನಿಮಿಷ ಎಲ್ಲರೂ ಕಡ್ಡಾಯವಾಗಿ ಎದ್ದು ಓಡಾಡಿ ಕೈ, ಕುತ್ತಿಗೆ ಸಡಿಲಿಸಬೇಕು. ಹೊಲಿಯುವಾಗಲೂ ಪ್ರತಿ 20 ನಿಮಿಷಕ್ಕೊಮ್ಮೆ ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಕಣ್ಣಿಗೆ ಹಿತ. ಮತ್ತೆ ಮೂವತ್ತೈದು ನಿಮಿಷ ಹೊಲಿಗೆ. ಉಳಿದ ಹದಿನೈದು ನಿಮಿಷ ಚಿತ್ರ ತೆಗೆಯಲು, ಅನುಮಾನ ಕೇಳಲು, ರಿಂಗ್ ಬಿಚ್ಚಲು. ರಿಂಗನ್ನು ವಾರಗಟ್ಟಲೆ ಬಟ್ಟೆಯಲ್ಲೇ ಬಿಟ್ಟರೆ ಅದರ ಗುರುತು ಹೋಗುವುದು ಕಷ್ಟ, ಆದ್ದರಿಂದ ಎಲ್ಲರೂ ಒಟ್ಟಿಗೆ ಬಿಚ್ಚುವುದನ್ನು ಕೂಟದ ಕೊನೆಯ ಕೆಲಸವಾಗಿ ರೂಢಿಸಿ. ತಿಂಡಿ, ಪಾನೀಯಗಳು ಬೇರೆ ಮೇಜಿನ ಮೇಲಿರಲಿ.

ತಪ್ಪು ಮಾಡಿದವರಿಗೆ ನೆರವಾಗುವ ರೀತಿಯಲ್ಲೂ ಒಂದು ಕ್ರಮ ಬೇಕು. ಮೊದಲು ಕೇಳಬೇಕಾದದ್ದು, ಈ ತಪ್ಪು ಮುಂದಿನ ಭಾಗದ ಸ್ಥಾನವನ್ನು ಬದಲಿಸುತ್ತದೆಯೇ ಎಂದು. ಬದಲಿಸುವುದಾದರೆ ಬಿಚ್ಚಲೇಬೇಕು, ಅದೂ ಆಗಲೇ. ಎಲೆಯೊಂದರಲ್ಲಿ ಒಂದು ಹೊಲಿಗೆ ಹೆಚ್ಚಾಗಿದ್ದು ಬೇರೆ ಯಾವುದಕ್ಕೂ ತಾಗದಿದ್ದರೆ ಅದನ್ನು ಹಾಗೇ ಬಿಡಬಹುದು. ಬಿಚ್ಚಬೇಕೋ ಬಿಡಬೇಕೋ ಎಂಬ ತೀರ್ಮಾನ ಹೊಲಿಯುವವರದೇ ಆಗಿರಲಿ, ಸುತ್ತ ಕುಳಿತವರದಲ್ಲ.

## ಹಂತ 8: ಪ್ರಗತಿಯನ್ನು ಕಣ್ಣಿಗೆ ಕಾಣುವಂತೆ ದಾಖಲಿಸಿ

ಕ್ರಾಸ್ ಸ್ಟಿಚ್‌ನಲ್ಲಿ ವಾರದ ಪ್ರಗತಿ ಬರಿಗಣ್ಣಿಗೆ ಕಾಣುವುದೇ ಇಲ್ಲ. 14ರ ಬಟ್ಟೆಯಲ್ಲಿ ಒಂದು ಚದರ ಇಂಚಿಗೆ 196 ಹೊಲಿಗೆ ಹಿಡಿಯುವುದರಿಂದ, ವಾರಕ್ಕೆ 200 ಹೊಲಿಗೆ ಹಾಕಿದವರು ತುಂಬಿದ್ದು ಒಂದು ಚದರ ಇಂಚು ಮಾತ್ರ. ಇಷ್ಟೇನಾ ಎಂಬ ಭಾವನೆ ಹುಟ್ಟುವುದು ಇಲ್ಲಿಂದಲೇ. ಅದಕ್ಕೆ ಪರಿಹಾರ, ಪ್ರತಿ ಕೂಟದ ಕೊನೆಗೆ ಒಂದೇ ಜಾಗದಲ್ಲಿ, ಒಂದೇ ದೂರದಿಂದ, ಇಡೀ ಬಟ್ಟೆ ಕಾಣುವಂತೆ ಚಿತ್ರ ತೆಗೆಯುವುದು. ನಾಲ್ಕು ವಾರಗಳ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಬೆಳವಣಿಗೆ ತಾನೇ ಮಾತಾಡುತ್ತದೆ. ಖಾಲಿ ವಾರದಲ್ಲಿ ಸಂಚಾಲಕರು ಪ್ರತಿಯೊಬ್ಬರ ಸಾಲನ್ನೂ ಅವರವರಿಗೆ ಕಳುಹಿಸಿಕೊಡಬೇಕು.

ನಕ್ಷೆಯ ಕಾಗದದ ಪ್ರತಿಯಲ್ಲಿ ಮುಗಿದ ಚೌಕಗಳಿಗೆ ಬಣ್ಣ ತುಂಬುವುದು ಇನ್ನೊಂದು ದಾಖಲೆ. ಅದು ಎಲ್ಲಿಗೆ ನಿಲ್ಲಿಸಿದೆವೆಂಬುದನ್ನು ನೆನಪಿಸುವುದರಿಂದ ಮರಳಿ ಕುಳಿತಾಗ ತಡಕಾಡಬೇಕಾಗುವುದಿಲ್ಲ.

ಯಾರು ಮುಂದೆ, ಯಾರು ಹಿಂದೆ ಎಂಬ ಪಟ್ಟಿ ಬೇಡ. ಮೊದಲು ಮುಗಿಸಿದವರಿಗೆ ಬಹುಮಾನವೂ ಬೇಡ, ಏಕೆಂದರೆ ಅದು ಹೇಗೂ ಮುಗಿಸುವವರಿಗೇ ಸಿಗುತ್ತದೆ, ಉಳಿದವರಿಗೆ ತಾವು ಸೋತೆವೆಂದು ತಿಳಿಸುತ್ತದೆ. ಕೊಡಲೇಬೇಕೆಂದರೆ ಒಂಬತ್ತು ವಾರವೂ ಚಿತ್ರ ಕಳುಹಿಸಿದವರಿಗೆಲ್ಲ ಕೊಡಿ, ಆ ಚಿತ್ರದಲ್ಲಿ ಹತ್ತೇ ಹೊಲಿಗೆ ಹೆಚ್ಚಾಗಿದ್ದರೂ ಸರಿ.

## ಹಂತ 9: ಎಚ್ಚರಿಕೆಯ ಲಕ್ಷಣಗಳನ್ನು ಬೇಗ ಗುರುತಿಸಿ

ಕೂಟ ಒಮ್ಮೆಗೇ ನಿಲ್ಲುವುದಿಲ್ಲ. ನಿಲ್ಲುವ ಮೊದಲು ಕೆಲವು ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಅವು ಕಂಡ ವಾರವೇ ಕೆಲಸ ಮಾಡಬೇಕು.

ಮೊದಲ ಲಕ್ಷಣ ಕ್ಷಮೆ ಕೇಳುವುದು. ಸದಸ್ಯರು ಮಾತು ಆರಂಭಿಸುವಾಗಲೇ ಈ ವಾರ ಏನೂ ಆಗಲಿಲ್ಲ, ಕ್ಷಮಿಸಿ ಎನ್ನತೊಡಗಿದರೆ ಗುರಿ ಭಾರವಾಗಿದೆ ಎಂದರ್ಥ. ಇಬ್ಬರಿಗಿಂತ ಹೆಚ್ಚು ಜನ ಒಂದೇ ವಾರದಲ್ಲಿ ಹೀಗೆಂದರೆ ಮುಂದಿನ ಖಾಲಿ ವಾರವನ್ನು ಕಾಯದೆ ಆ ವಾರವನ್ನೇ ಖಾಲಿ ವಾರವೆಂದು ಘೋಷಿಸಿ, ಮುಕ್ತಾಯದ ದಿನವನ್ನು ಒಂದು ವಾರ ಮುಂದೂಡಿ.

ಎರಡನೆಯದು, ಮುಂದಿನ ವಾರ ಎರಡರಷ್ಟು ಹೊಲಿಯುತ್ತೇನೆ ಎಂಬ ಮಾತು. ಇದನ್ನು ಉತ್ಸಾಹವೆಂದು ತಿಳಿಯಬಾರದು. ಹಾಗೆ ಹೇಳಿದವರಿಗೆ ಅವರ ಪಾಲನ್ನು ಹೆಚ್ಚಿಸುವ ಬದಲು ಅರ್ಧಕ್ಕೆ ಇಳಿಸಿ, ಈ ವಾರದ ಭಾಗದಿಂದಲೇ ಶುರುಮಾಡಿ, ಬಿಟ್ಟುಹೋದದ್ದನ್ನು ಖಾಲಿ ವಾರಕ್ಕೆ ಇಟ್ಟುಕೊಳ್ಳಿ ಎಂದು ಹೇಳಿ.

ಗುಂಪಿನ ಮಾತು ಹೊಲಿಗೆಯಿಂದ ಖರೀದಿಗೆ ತಿರುಗುವುದೂ ಒಂದು ಲಕ್ಷಣ. ಹೊಸ ನಕ್ಷೆ, ಹೊಸ ದಾರದ ಚರ್ಚೆ ಹೆಚ್ಚಾದಂತೆ ಕೈಯಲ್ಲಿರುವ ಕೆಲಸ ಬೇಸರ ತಂದಿದೆ ಎಂದು ಊಹಿಸಬಹುದು. ಚದುರಿದ ಬಣ್ಣಗಳ ಕ್ಲಿಷ್ಟ ಭಾಗದಲ್ಲಿ ಎಲ್ಲರೂ ಒಟ್ಟಿಗೆ ಸಿಕ್ಕಿಕೊಂಡಾಗ ಹೀಗಾಗುವುದು ಹೆಚ್ಚು. ಆಗ ಭಾಗಗಳ ಕ್ರಮವನ್ನು ಬದಲಾಯಿಸಿ, ಒಂದು ವಾರ ಎಲ್ಲರೂ ಒಂದೇ ಬಣ್ಣದ ಸುಲಭ ಭಾಗಕ್ಕೆ ಹೋಗಲಿ.

ಎರಡು ವಾರ ಸತತವಾಗಿ ಪ್ರಗತಿಯ ಚಿತ್ರ ಬರದಿದ್ದರೆ ಸಂಚಾಲಕರು ಆ ಸದಸ್ಯರಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬೇಕು. ಕೆಲಸ ಎಲ್ಲಿಗೆ ಬಂತು ಎಂದು ಕೇಳಬಾರದು, ಅದು ತಗಾದೆಯಂತೆ ಕೇಳಿಸುತ್ತದೆ. ಹೊಲಿಯದೆಯೂ ಬಂದು ಕುಳಿತುಕೊಳ್ಳಬಹುದು, ದಾರ ವಿಂಗಡಿಸುವ ಕೆಲಸವಾದರೂ ಮಾಡಬಹುದು ಎಂದು ಕರೆಯುವುದು ಸರಿಯಾದ ರೀತಿ. ಬಂದು ಕುಳಿತವರ ಕೈಗೆ ಸೂಜಿ ಮರಳುವ ಸಾಧ್ಯತೆ ಇರುತ್ತದೆ, ಬಾರದವರಿಗೆ ಅದೂ ಇರುವುದಿಲ್ಲ. ಎಲ್ಲರೆದುರು ಹೆಸರು ಹಿಡಿದು ಕೇಳಿದರೆ ಅವರು ಗುಂಪನ್ನೇ ತೊರೆಯುತ್ತಾರೆ.

ಕೈ ನೋವು ಬೇರೆ ಬಗೆಯ ಎಚ್ಚರಿಕೆ. ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನ ನೋವು ಕಂಡರೆ ಹೊಲಿಗೆ ನಿಲ್ಲಿಸಬೇಕು. ಗುರಿಗಾಗಿ ನೋವನ್ನು ಸಹಿಸಿ ಹೊಲಿಯಲು ಯಾರನ್ನೂ ಹುರಿದುಂಬಿಸಬೇಡಿ, ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಲು ಹೇಳಿ.

## ಹಂತ 10: ತೊಳೆದು, ಚೌಕಟ್ಟು ಹಾಕುವವರೆಗೆ ಒಟ್ಟಿಗೆ ಇರಿ

ಕೊನೆಯ ಹೊಲಿಗೆ ಬಿದ್ದ ಕೂಡಲೇ ಕೂಟ ಮುಗಿಸಿಬಿಟ್ಟರೆ, ಅರ್ಧದಷ್ಟು ಬಟ್ಟೆಗಳು ಮಡಚಿದ ಸ್ಥಿತಿಯಲ್ಲೇ ಪೆಟ್ಟಿಗೆ ಸೇರುತ್ತವೆ. ಆದ್ದರಿಂದ ಕೊನೆಯ ಖಾಲಿ ವಾರದ ನಂತರ ತೊಳೆಯುವುದಕ್ಕೆಂದೇ ಒಂದು ಭೇಟಿ ಇಡಿ. ಮೊದಲು ಗೆರೆಯ ದಾರಗಳನ್ನು ಎಳೆದು ತೆಗೆದು, ಬಟ್ಟೆಯನ್ನು ತಣ್ಣೀರಿನಲ್ಲಿ ಮೃದು ಸಾಬೂನಿನಿಂದ ತೊಳೆಯಬೇಕು. ಕೆಂಪು ಮತ್ತು ಗಾಢ ಬಣ್ಣಗಳು, ಅದರಲ್ಲೂ ಕೈಯಲ್ಲಿ ಬಣ್ಣ ಹಾಕಿದ ದಾರಗಳು, ನೀರಿನಲ್ಲಿ ಬಣ್ಣ ಬಿಡಬಹುದು. ಅಂಥವನ್ನು ಬಳಸುವ ಮೊದಲೇ ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ಪರೀಕ್ಷಿಸಿರಬೇಕು. ತೊಳೆಯುವಾಗ ಬಣ್ಣ ಹರಡಿದ್ದು ಕಂಡರೆ ಒಣಗಲು ಬಿಡದೆ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸುತ್ತಲೇ ಇರಿ. ಹಿಂಡುವಂತಿಲ್ಲ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆದು, ದಪ್ಪ ಟವೆಲ್ಲಿನ ಮೇಲೆ ಹೊಲಿಗೆ ಕೆಳಮುಖವಾಗಿ ಹಾಸಿ, ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಹೊಲಿಗೆ ಚಪ್ಪಟೆಯಾಗುವುದಿಲ್ಲ. ಪೆನ್ನಿನ ಗೆರೆ ಪೂರ್ತಿ ಹೋಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಇಸ್ತ್ರಿ ಮುಟ್ಟಿ.

ಚೌಕಟ್ಟು ಹಾಕಿಸುವವರಿಗೂ, ದಿಂಬಿಗೋ ಚೀಲಕ್ಕೋ ಜೋಡಿಸುವವರಿಗೂ ಒಂದೇ ಮುಕ್ತಾಯ ದಿನ ಗೊತ್ತುಮಾಡಿ. ಪ್ರತಿ ವರ್ಷ ಜುಲೈ 30ರಂದು ಆಚರಿಸುವ ವಿಶ್ವ ಕಸೂತಿ ದಿನ ಹತ್ತಿರದಲ್ಲಿದ್ದರೆ ಪ್ರದರ್ಶನಕ್ಕೆ ಅದು ಒಳ್ಳೆಯ ನೆಪ. ಆ ದಿನ ಮುಗಿಯದ ಕೆಲಸಗಳನ್ನೂ ಮುಗಿದವುಗಳ ಜೊತೆಯಲ್ಲೇ ಇಡಿ, ಬೇರೆ ಸಾಲಿನಲ್ಲಿ ಅಲ್ಲ.

ಮುಗಿಸಲಾಗದವರಿಗೆ ತಿಂಗಳಿಗೊಮ್ಮೆಯಂತೆ ಇನ್ನು ಮೂರು ಭೇಟಿಗಳನ್ನು ಅಂದೇ ಘೋಷಿಸಿ, ದಿನಾಂಕವನ್ನೂ ಬರೆಸಿ. ಮುಂದಿನ ಕೂಟದ ನಕ್ಷೆಯನ್ನು ಆ ಮೂರು ಭೇಟಿಗಳು ಮುಗಿಯುವವರೆಗೆ ಪ್ರಕಟಿಸಬೇಡಿ. ಹೊಸ ಚಿತ್ರ ಕಣ್ಣಮುಂದೆ ಬಂದರೆ ಹಳೆಯದು ಪೆಟ್ಟಿಗೆಗೆ ಹೋಗುತ್ತದೆ. ಹೊಸ ಕೂಟಕ್ಕೆ ಹೆಸರು ಬರೆಸಿಕೊಳ್ಳುವಾಗ ಎಲ್ಲರ ವೇಗವನ್ನೂ ಹೊಸದಾಗಿ ಅಳೆಸಿ. ಒಂದು ಕೂಟ ಪೂರ್ತಿ ಹೊಲಿದವರ ಹಳೆಯ ಅಂಕಿ ಇನ್ನು ಸರಿಹೊಂದದಿರಬಹುದು.